ಡಿಜಿಟಲ್ ಟ್ವಿನ್ ಇದ್ದರೆ ಫ್ಲೈಓವರ್ ಕೆಡುವ ಮೊದಲೇ ಗೊತ್ತಾಗುತ್ತದೆಯಾ?

ನೀವು ಸಿವಿಲ್ ಮೂರನೇ ವರ್ಷ ಓದುತ್ತಿದ್ದೀರಿ, ಸೆಮಿನಾರಿಗೆ ಡಿಜಿಟಲ್ ಟ್ವಿನ್ ವಿಷಯ ಸಿಕ್ಕಿದೆ, ಅಂದರೆ ನಿಜವಾದ ಸೇತುವೆಯ ಸೆನ್ಸರ್ ಅಂಕಿಗಳಿಂದ ತಿದ್ದಿಕೊಳ್ಳುತ್ತಾ ಹೋಗುವ ಅದರ ಕಂಪ್ಯೂಟರ್ ಪ್ರತಿ. ನೋಡಿದ್ದೆಲ್ಲ ಚಂದದ 3ಡಿ ಚಿತ್ರದ ಹಾಗೆ ಕಾಣುತ್ತಿದೆ, ಬೆಂಗಳೂರಿನ ಫ್ಲೈಓವರಿಗೆ ಇದರಿಂದ ನಿಜವಾಗಿ ಉಪಯೋಗ ಇದೆಯಾ ಅಂತ ಕೇಳಿದ್ದೀರಿ.

ಇದೆ. ಆದರೆ ಆ ಚಿತ್ರದಿಂದ ಅಲ್ಲ. ಸೇತುವೆಗಳಿಗೆ ಸೆನ್ಸರ್ ಅಂಟಿಸುವುದು, ಆಮೇಲೆ ಅವು ಕಳಿಸುವ ಅಂಕಿಗಳ ಜೊತೆ ಜಗಳ ಆಡುವುದು ನನ್ನ ಕೆಲಸ. ಮೀಟಿಂಗ್‌ನಲ್ಲಿ ಬಣ್ಣದ ಮಾಡೆಲ್ಲನ್ನು ಮೌಸ್ ಹಿಡಿದು ತಿರುಗಿಸಿದರೆ ಎಲ್ಲರೂ ತಲೆದೂಗುತ್ತಾರೆ. ಅದು ಬರೀ ಮದುವೆ ಫೋಟೋ. ಸೇತುವೆಗೆ ವಯಸ್ಸಾದ ಹಾಗೆ ಮಾಡೆಲ್ಲಿಗೂ ವಯಸ್ಸಾಗಬೇಕು, ಆಗ ಮಾತ್ರ ಅದು ಟ್ವಿನ್.

ಬೇಸಿಗೆಯಲ್ಲಿ ಮಡಕೆ ಕೊಳ್ಳುವಾಗ ಅಜ್ಜಿಯರು ಬೆರಳ ಗೆಣ್ಣಿನಿಂದ ತಟ್ಟಿ ನೋಡುತ್ತಾರೆ, ಅಲ್ವಾ? ಗಟ್ಟಿ ಮಡಕೆ ಠಣ್ ಅನ್ನುತ್ತದೆ, ಬಿರುಕು ಬಿಟ್ಟಿದ್ದು ಬೊದ್ ಅನ್ನುತ್ತದೆ. ನಾವು ಮಾಡುವುದೂ ಅದೇ. ತಟ್ಟುವ ಕೆಲಸವನ್ನು ಬಿಎಂಟಿಸಿ ಬಸ್ಸುಗಳು ಪುಕ್ಕಟೆ ಮಾಡಿಕೊಡುತ್ತವೆ. 30 ಮೀಟರ್ ಉದ್ದದ ಸಾಮಾನ್ಯ ಸ್ಪ್ಯಾನ್ (ಎರಡು ಪಿಲ್ಲರ್ ನಡುವಿನ ಭಾಗ) ಸೆಕೆಂಡಿಗೆ ಸುಮಾರು 3–4 ಸಲ ಮೇಲೆ ಕೆಳಗೆ ಆಡುತ್ತದೆ. ಅದರ ಬಿಗಿ ಕಡಿಮೆಯಾದರೆ ಈ ಆಟ ನಿಧಾನವಾಗುತ್ತದೆ. ಆಕ್ಸಿಲರೋಮೀಟರ್ ಅನ್ನುವ ಕಂಪನದ ಸೆನ್ಸರ್ ಇದನ್ನು ಅಳೆಯುತ್ತದೆ. ಟ್ವಿನ್ ಒಳಗಿರುವ ಫೈನೈಟ್ ಎಲಿಮೆಂಟ್ ಮಾಡೆಲ್ (ಸೇತುವೆಯನ್ನು ಸಣ್ಣ ಸಣ್ಣ ತುಂಡು ಮಾಡಿ ಲೆಕ್ಕ ಹಾಕುವ ಮಾಡೆಲ್) ಅಷ್ಟೇ ಆಡುವ ತನಕ ನಾವು ಅದರ ಬಿಗಿ, ಭಾರ, ಸ್ಪ್ಯಾನ್ ಕೂರುವ ಬೇರಿಂಗ್ ಎಲ್ಲವನ್ನೂ ತಿದ್ದುತ್ತಾ ಹೋಗುತ್ತೇವೆ. ಡ್ರಾಯಿಂಗ್ ನಂಬಿ ಕೂತರೆ ಆಗುವುದಿಲ್ಲ. ಹಳೇ ಡಾಂಬರು ಕೆರೆಯದೆ ಅದರ ಮೇಲೇ ಹೊಸದನ್ನು ಬಳಿದಿರುತ್ತಾರೆ, ಆ ಭಾರ ಯಾವ ಡ್ರಾಯಿಂಗ್‌ನಲ್ಲೂ ಇರುವುದಿಲ್ಲ.

ತಲೆನೋವು ಶುರುವಾಗುವುದು ಬಿಸಿಲಿನಿಂದ. ಸ್ವಿಟ್ಜರ್ಲೆಂಡಿನ ಝಡ್24 ಸೇತುವೆಯ ಕಥೆ ಓದಿ. ಹೇಗಿದ್ದರೂ ಕೆಡವಬೇಕಿದ್ದ ಸೇತುವೆ. ಅದನ್ನು 1997–98ರಲ್ಲಿ ಹತ್ತಿರ ಹತ್ತಿರ ಒಂದು ವರ್ಷ ಅಳೆದರು. ಕೊನೆಗೆ ಬೇಕಂತಲೇ ಹಂತ ಹಂತವಾಗಿ ಹಾಳು ಮಾಡಿ ನೋಡಿದರು. ಚಳಿಗಾಲದಲ್ಲಿ ಡಾಂಬರು ಕಲ್ಲಿನ ಹಾಗೆ ಗಟ್ಟಿಯಾಗಿ, ಯಾವ ಹಾನಿಯೂ ಇಲ್ಲದೆ ಕಂಪನದ ವೇಗ ಏರಿಬಿಟ್ಟಿತ್ತು. ನಮ್ಮೂರಲ್ಲಿ ಹಿಮ ಬೀಳುವುದಿಲ್ಲ ನಿಜ. ಆದರೆ ಮಾರ್ಚ್ ತಿಂಗಳ ಬೆಳಗಿನ ಜಾವಕ್ಕೂ ಮಧ್ಯಾಹ್ನ ಮೂರು ಗಂಟೆಗೂ ಎಷ್ಟು ವ್ಯತ್ಯಾಸ ಅಂತ ನಿಮಗೇ ಗೊತ್ತು. ತಾಪಮಾನದ ಲೆಕ್ಕ ಕಳೆಯದ ಟ್ವಿನ್ ದಿನಾ ಮಧ್ಯಾಹ್ನ ಸುಮ್ನೆ ಕೂಗಿಕೊಳ್ಳುತ್ತದೆ. ವಾರ ಕಳೆದರೆ ಯಾರೂ ತಿರುಗಿ ನೋಡುವುದಿಲ್ಲ.

ನಾನೇ ಹಾಗೆ ಒಮ್ಮೆ ಮೋಸ ಹೋಗಿದ್ದೇನೆ. ಊರಿನದೇ ಒಂದು ಫ್ಲೈಓವರ್, ಹೆಸರು ಬೇಡ. ಕಾಂಕ್ರೀಟ್ ಒಂದು ಡಿಗ್ರಿಗೆ ಮೀಟರಿಗೆ ಸುಮಾರು 10 ಮೈಕ್ರಾನ್ (ಮಿಲಿಮೀಟರಿನ ನೂರನೇ ಒಂದು ಭಾಗ) ಹಿಗ್ಗುತ್ತದೆ. 30 ಮೀಟರ್ ಸ್ಪ್ಯಾನ್ 12 ಡಿಗ್ರಿ ಕಾದರೆ 3.6 ಮಿಲಿಮೀಟರ್. ಟ್ವಿನ್ ಕೂಡ ದಿನಾ ಅಷ್ಟೇ ಹೇಳುತ್ತಿತ್ತು. ಎರಡು ಸ್ಪ್ಯಾನ್ ಸೇರುವ ಒಂದು ಜಾಯಿಂಟಿನ ಸೆನ್ಸರ್ ಮಾತ್ರ 1 ಮಿಲಿಮೀಟರ್ ದಾಟುತ್ತಿರಲಿಲ್ಲ. ಸೆನ್ಸರ್ ಕೆಟ್ಟಿದೆ ಅಂದುಕೊಂಡೆ. ಬದಲಾಯಿಸಿದೆ. ಮತ್ತೆ ಅದೇ. ಅಂಟು ಬಿಟ್ಟಿರಬೇಕು ಅಂತ ಇನ್ನೊಂದು ವಾರ ಕಳೆದೆ. ಕೊನೆಗೆ ಒಂದು ರಾತ್ರಿ ಲಿಫ್ಟ್ ತರಿಸಿ, ಪಿಲ್ಲರ್ ತಲೆಯ ಹತ್ತಿರ ಟಾರ್ಚ್ ಬಿಟ್ಟು ನೋಡಿದರೆ, ರಸ್ತೆ ಹೊರುವ ಎರಡು ಗರ್ಡರ್‌ಗಳ (ತೊಲೆಗಳ) ನಡುವೆ ಖಾಲಿ ಇರಬೇಕಾದ ಸಂದಿನಲ್ಲಿ ಗಾರೆ ಗಟ್ಟಿಯಾಗಿ ಕೂತಿದೆ. ಅದರೊಳಗೆ ಸೆಂಟ್ರಿಂಗ್ ಹಲಗೆಯ ತುಂಡು ಬೇರೆ, ಮೊಳೆ ಸಮೇತ. ಕಟ್ಟಿದವರು ಬಿಟ್ಟು ಹೋದದ್ದು. ಹಿಗ್ಗಲು ಜಾಗ ಇಲ್ಲದೆ ಗರ್ಡರ್ ಇಷ್ಟು ದಿನ ಪಿಲ್ಲರನ್ನೇ ತಳ್ಳುತ್ತಿತ್ತು. ಉಳಿ, ಸುತ್ತಿಗೆ ಹಿಡಿದು ಎರಡು ರಾತ್ರಿ ಕೆತ್ತಿಸಿದೆವು. ಮೂರನೇ ದಿನ ಗ್ರಾಫ್ 3.4ಕ್ಕೆ ಹೋಯಿತು. ಟ್ವಿನ್ ಮೊದಲ ದಿನವೇ ಸರಿ ಹೇಳಿತ್ತು, ನಂಬದೇ ಇದ್ದವನು ನಾನು.

ಹಾಗಂತ ಇದಕ್ಕೆ ಎಲ್ಲವೂ ಕಾಣುತ್ತದೆ ಅಂದುಕೊಳ್ಳಬೇಡಿ. ಪೀಣ್ಯ ಫ್ಲೈಓವರನ್ನೇ ತೆಗೆದುಕೊಳ್ಳಿ. ಒಳಗಿನ ಪ್ರಿಸ್ಟ್ರೆಸ್ಸಿಂಗ್ ಕೇಬಲ್‌ಗಳಲ್ಲಿ (ಕಾಂಕ್ರೀಟನ್ನು ಅದುಮಿ ಹಿಡಿಯುವ, ಎಳೆದು ಕಟ್ಟಿದ ಉಕ್ಕಿನ ತಂತಿಗಳು) ತೊಂದರೆ ಕಂಡು 2021ರ ಡಿಸೆಂಬರ್‌ನಲ್ಲಿ ಮುಚ್ಚಿದರು, 2022ರ ಫೆಬ್ರವರಿಯಲ್ಲಿ ಸಣ್ಣ ವಾಹನಗಳಿಗೆ ಮಾತ್ರ ಬಿಟ್ಟರು. ಕೇಬಲ್ ಇರುವುದು ಕಾಂಕ್ರೀಟಿನ ಹೊಟ್ಟೆಯೊಳಗೆ, ಕೊಳವೆಯಂಥ ಡಕ್ಟಿನಲ್ಲಿ. ಅದು ತುಕ್ಕು ಹಿಡಿದು ಬಿಗಿತ ಕಳೆದುಕೊಂಡರೂ, ಕಾಂಕ್ರೀಟ್ ಬಿರುಕು ಬಿಡುವ ತನಕ ಕಂಪನದ ವೇಗ ಬದಲಾಗುವುದೇ ಇಲ್ಲ ಅನ್ನಬಹುದು. ಮಡಕೆ ಠಣ್ ಅಂತಲೇ ಇರುತ್ತದೆ. ಅಲ್ಲಿಗೆ ಬೇರೆ ಸೆನ್ಸರ್ ಬೇಕು: ತಂತಿ ತುಂಡಾಗುವ ಸದ್ದು ಹಿಡಿಯುವ ಅಕೌಸ್ಟಿಕ್ ಎಮಿಷನ್, ಇಲ್ಲವೇ ಹಿಗ್ಗು ಕುಗ್ಗು ಅಳೆಯಲು ಕಟ್ಟುವಾಗಲೇ ಹಾಕಿಟ್ಟ ಸ್ಟ್ರೇನ್ ಗೇಜ್. ಜೊತೆಗೆ ಆಗಾಗ ಭಾರ ಹೇರಿ ನೋಡುವ ಲೋಡ್ ಟೆಸ್ಟ್.

ಎಲ್ಲಿ ಕೆಡಬಹುದು ಅಂತ ಮೊದಲೇ ಯೋಚಿಸದಿದ್ದರೆ ಸಾವಿರ ಸೆನ್ಸರ್ ಹಾಕಿದರೂ ದಂಡ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನಲ್ಲಿ ಆದದ್ದು ನೆನಪಿದೆಯಾ? ಕಟ್ಟೆಗೆ ಏನೂ ಆಗಲಿಲ್ಲ. 19ನೇ ಗೇಟಿನ ಚೈನು ತುಂಡಾಗಿ ಗೇಟೇ ಕೊಚ್ಚಿಹೋಯಿತು.

ಸೆಮಿನಾರಿಗೆ ಬೇರೆಯವರ 3ಡಿ ಸ್ಲೈಡ್ ಹಾಕಬೇಡಿ. ನಿಮ್ಮ ಕಾಲೇಜಿನ ಹತ್ತಿರ ಕಬ್ಬಿಣದ ಸ್ಕೈವಾಕ್ ಇದ್ದೇ ಇರುತ್ತದೆ. ಅದರ ನಟ್ಟನಡುವೆ ನೆಲಕ್ಕೆ ಫೋನ್ ಇಟ್ಟು, ಯಾರೂ ತುಳಿಯದ ಹಾಗೆ ಗೆಳೆಯನನ್ನು ಪಕ್ಕದಲ್ಲಿ ನಿಲ್ಲಿಸಿ, ಆಕ್ಸಿಲರೋಮೀಟರ್ ಆ್ಯಪ್‌ನಲ್ಲಿ ಐದು ನಿಮಿಷ ರೆಕಾರ್ಡ್ ಮಾಡಿ. ಸೆಕೆಂಡಿಗೆ 100 ಅಳತೆ ಸಾಕು. ಬೆಳಗ್ಗೆ ಆರಕ್ಕೆ ಒಂದು ಸಲ, ಮಧ್ಯಾಹ್ನ ಎರಡಕ್ಕೆ ಒಂದು ಸಲ. ಎಫ್‌ಎಫ್‌ಟಿ (ಕಂಪನದಲ್ಲಿ ಯಾವ ವೇಗ ಎಷ್ಟಿದೆ ಅಂತ ಬಿಡಿಸುವ ಲೆಕ್ಕ) ಹಾಕಿದರೆ ಗ್ರಾಫಿನಲ್ಲಿ ಒಂದು ಮೊನೆ ಎದ್ದು ಕಾಣುತ್ತದೆ. ಆಮೇಲೆ ಸ್ಕೈವಾಕಿನ ಅಳತೆ ತೆಗೆದು ನೀವೇ ಒಂದು ಮಾಡೆಲ್ ಮಾಡಿ, ಅದೇ ಮೊನೆ ಬರುತ್ತದಾ ನೋಡಿ. ಮೊದಲ ಸಲ ಖಂಡಿತ ಬರುವುದಿಲ್ಲ. ಏನೇನು ತಿದ್ದಿದಿರಿ ಅಂತ ಇಲ್ಲೇ ಬರೆಯಿರಿ, ಎರಡೂ ಗ್ರಾಫ್ ಹಾಕಿ, ನೋಡಿ ಹೇಳುತ್ತೇನೆ.