ಶನಿವಾರದ ಕೋವಿಡ್ ಟೆಸ್ಟ್ ಬೇಕಾ, ಬೇಡ್ವಾ? ಶಿಡ್ಲಘಟ್ಟದ ಓದುಗರೊಬ್ಬರಿಗೆ ಸಂಪಾದಕರ ಉತ್ತರ

ಮೇಷ್ಟ್ರೇ, ನಮಸ್ಕಾರ.

ನಿಮ್ಮ ಪತ್ರ ಮಂಗಳವಾರ ಕೈ ಸೇರಿತು. ನಾಲ್ಕು ಹಾಳೆ, ಎರಡೂ ಮಗ್ಗುಲು. ಹೆಸರು, ಊರು ಹಾಕಬೇಡಿ ಎಂದಿದ್ದೀರಿ. ಹಾಕುತ್ತಿಲ್ಲ. ಶಿಡ್ಲಘಟ್ಟ ತಾಲ್ಲೂಕಿನವರು, ರಿಟೈರ್ ಆದ ಮೇಲೆ ರೇಷ್ಮೆ ಹುಳು ಸಾಕುತ್ತಿರುವವರು ಎಂದಷ್ಟೇ ಓದುಗರಿಗೆ ಹೇಳುತ್ತೇನೆ. ಪತ್ರ ಪೂರ್ತಿ ಅಚ್ಚು ಹಾಕಲು ಜಾಗ ಸಾಲದು. ಅದರ ಸಾರ ಇಷ್ಟು.

ನಿಮ್ಮ ತಾಯಿಗೆ 84 ವರ್ಷ. ದಮ್ಮಿನ ತೊಂದರೆ ಇದೆ. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಮಗಳು ಪ್ರತಿ ಶನಿವಾರ ಮನೆಗೆ ಬರುತ್ತಾಳೆ. ಬರುವಾಗ ಮನೆಯಲ್ಲೇ ಟೆಸ್ಟ್ ಮಾಡಿಕೊಳ್ಳುವ ಕೋವಿಡ್ ಕಿಟ್ ತರುತ್ತಾಳೆ. ಅಜ್ಜಿಯೂ ಸೇರಿ ಮನೆಯ ಆರೂ ಜನ ಮೂಗಿಗೆ ಕಡ್ಡಿ ಹಾಕಿಕೊಳ್ಳಲೇಬೇಕು ಅನ್ನುತ್ತಾಳೆ. ಮಗ ಒಪ್ಪುವುದಿಲ್ಲ. ಜ್ವರ ಇಲ್ಲದವರಿಗೆ ಟೆಸ್ಟ್ ಯಾಕೆ, ಕೇಂದ್ರ ಸರ್ಕಾರದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್‌ನವರೇ ಬೇಡ ಅಂದಿದ್ದಾರೆ, ದುಡ್ಡು ದಂಡ ಅನ್ನುತ್ತಾನೆ. ಹೋದ ತಿಂಗಳು ಮಾತಿಗೆ ಮಾತು ಬೆಳೆದು ಮಗಳು ಊಟ ಬಿಟ್ಟು ಎದ್ದು ಹೋದಳು. ಇಬ್ಬರ ಕೈಯಲ್ಲೂ ಇದ್ದದ್ದು ನಮ್ಮ ಪತ್ರಿಕೆ. ಒಂದು ಸಂಚಿಕೆಯಲ್ಲಿ ವೈದ್ಯರೊಬ್ಬರು "ಲಕ್ಷಣ ಇಲ್ಲದೆ ಟೆಸ್ಟ್ ಮಾಡಿಕೊಳ್ಳಬೇಡಿ" ಎಂದು ಬರೆದಿದ್ದರು. ಮುಂದಿನ ಸಂಚಿಕೆಯಲ್ಲಿ ಇಂಗ್ಲೆಂಡಿನಲ್ಲಿದ್ದು ಬಂದ ಓದುಗರೊಬ್ಬರು "ನಾವು ವಾರಕ್ಕೆ ಎರಡು ಸಲ ಮಾಡಿಕೊಳ್ಳುತ್ತಿದ್ದೆವು, ಅದೇ ಸರಿ" ಎಂದು ಬರೆದರು. "ಪತ್ರಿಕೆಯೇ ಎರಡು ನಾಲಿಗೆಯಲ್ಲಿ ಮಾತಾಡಿದರೆ ಓದುವವರು ಏನು ಮಾಡಬೇಕು?" ಎಂದು ಕೇಳಿದ್ದೀರಿ.

ತಪ್ಪು ನನ್ನದು, ಮೇಷ್ಟ್ರೇ. ಎರಡನ್ನೂ ಹಾಕಿದ್ದು ತಪ್ಪಲ್ಲ. ಎರಡರ ನಡುವೆ ಒಂದು ಮಾತು ಹೇಳದೆ ಬಿಟ್ಟೆನಲ್ಲ, ಅದು ತಪ್ಪು. ಆ ಮಾತನ್ನು ಈಗ ಹೇಳುತ್ತೇನೆ.

ಮೊದಲು ಐಸಿಎಂಆರ್ ನಿಜವಾಗಿ ಏನು ಹೇಳಿತ್ತು ನೋಡೋಣ. ಪುಣೆಯ ಮೈಲ್ಯಾಬ್ ಕಂಪನಿಯ ಕೋವಿಸೆಲ್ಫ್ ಕಿಟ್‌ಗೆ ಒಪ್ಪಿಗೆ ಸಿಕ್ಕಿದ್ದು 2021ರ ಮೇ ತಿಂಗಳಲ್ಲಿ, ಎರಡನೇ ಅಲೆ ನಮ್ಮನ್ನೆಲ್ಲ ಹಿಂಡುತ್ತಿದ್ದಾಗ. ಆಗಿನ ಬೆಲೆ 250 ರೂಪಾಯಿ. ಕೆಮ್ಮು, ಜ್ವರದಂಥ ಲಕ್ಷಣ ಇರುವವರು, ಲ್ಯಾಬಿನಲ್ಲಿ ಪಾಸಿಟಿವ್ ಬಂದವರ ಹತ್ತಿರ ಇದ್ದವರು ಮಾತ್ರ ಮನೆಯಲ್ಲಿ ಮಾಡಿಕೊಳ್ಳಿ, ಕಂಡ ಕಂಡವರೆಲ್ಲ ಮಾಡಿಕೊಳ್ಳಬೇಡಿ ಎಂದಿತ್ತು ಆಗಿನ ಸೂಚನೆ. ಅದರಲ್ಲೇ ಇನ್ನೊಂದು ಸಾಲೂ ಇತ್ತು. ಲಕ್ಷಣ ಇದ್ದೂ ಕಿಟ್‌ನಲ್ಲಿ ನೆಗೆಟಿವ್ ಬಂದರೆ ಅದನ್ನು ನಂಬಿ ಕೂರಬೇಡಿ, ಕೂಡಲೇ ಲ್ಯಾಬಿನಲ್ಲಿ ಆರ್‌ಟಿ-ಪಿಸಿಆರ್ ಮಾಡಿಸಿ ಅಂತ. ನಿಮ್ಮ ಮಗ ಮೊದಲನೇ ಸಾಲು ಹಿಡಿದುಕೊಂಡಿದ್ದಾನೆ. ಎರಡನೆಯದನ್ನು ಬಿಟ್ಟಿದ್ದಾನೆ. ಆಮೇಲೆ 2022ರ ಜನವರಿಯಲ್ಲಿ ಬಂದ ಸೂಚನೆಯಲ್ಲಿ, ಸೋಂಕಿತರ ಸಂಪರ್ಕಕ್ಕೆ ಬಂದವರೆಲ್ಲ ಟೆಸ್ಟ್ ಮಾಡಿಸಬೇಕಿಲ್ಲ, ಆದರೆ ವಯಸ್ಸಾದವರು, ಬೇರೆ ಕಾಯಿಲೆ ಇರುವವರು ಮಾಡಿಸಬೇಕು ಎಂದಿತ್ತು. ನಿಮ್ಮ ತಾಯಿ ಆ ಸಾಲಿಗೆ ಸೇರುವವರೇ ಅಲ್ವಾ?

ಇನ್ನು ಇಂಗ್ಲೆಂಡ್. ಅಲ್ಲಿ 2021ರ ಏಪ್ರಿಲ್ 9ರಿಂದ ಯಾರು ಬೇಕಾದರೂ ವಾರಕ್ಕೆ ಎರಡು ಸಲ ಟೆಸ್ಟ್ ಮಾಡಿಕೊಳ್ಳಬಹುದಿತ್ತು. ಕಿಟ್ ಉಚಿತ. ಸರ್ಕಾರವೇ ಕೊಡುತ್ತಿತ್ತು. ಲಕ್ಷಣ ಇಲ್ಲದೆ ಓಡಾಡಿಕೊಂಡು ರೋಗ ಹರಡುವವರನ್ನು ಹುಡುಕಿ ಮನೆಯಲ್ಲಿ ಕೂರಿಸುವುದು ಅದರ ಉದ್ದೇಶ. 2022ರ ಏಪ್ರಿಲ್ ಬಂತು, ಬಹುಪಾಲು ಜನರಿಗೆ ಉಚಿತ ಕಿಟ್ ನಿಂತಿತು. ಅಲ್ಲೂ ಜಗಳ ಇರಲಿಲ್ಲ ಅಂದುಕೊಳ್ಳಬೇಡಿ. ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ಜಾನ್ ಡೀಕ್ಸ್ ಅವರಂಥ ಸಂಖ್ಯಾಶಾಸ್ತ್ರದವರು, ಈ ಟೆಸ್ಟ್ ಎಷ್ಟೋ ಸೋಂಕನ್ನು ಬಿಟ್ಟುಬಿಡುತ್ತದೆ, ನೆಗೆಟಿವ್ ಬಂದವರು ಸುಳ್ಳು ಧೈರ್ಯದಲ್ಲಿ ತಿರುಗುತ್ತಾರೆ ಎಂದು ಬಹಿರಂಗವಾಗಿಯೇ ವಿರೋಧಿಸಿದರು. ಅಮೆರಿಕದಲ್ಲಿ ಆಗ ಹಾರ್ವರ್ಡ್‌ನಲ್ಲಿದ್ದ ಸಾಂಕ್ರಾಮಿಕ ರೋಗ ತಜ್ಞ ಮೈಕೆಲ್ ಮೀನಾ ಅವರದು ಇದಕ್ಕೆ ಪೂರಾ ಎದುರು ಮಾತು. ಟೆಸ್ಟ್ ಸ್ವಲ್ಪ ಒರಟಾದರೂ ಪರವಾಗಿಲ್ಲ, ಅಗ್ಗವಾಗಿರಲಿ, ಕೂಡಲೇ ಉತ್ತರ ಕೊಡಲಿ, ಪದೇ ಪದೇ ಮಾಡಿಕೊಳ್ಳಲಿ ಎಂಬುದು ಅವರ ವಾದ. ಮೈಯಲ್ಲಿ ವೈರಸ್ ಜಾಸ್ತಿ ಇದ್ದಾಗ ಈ ಕಿಟ್ ಹಿಡಿದೇ ಹಿಡಿಯುತ್ತದೆ, ಇನ್ನೊಬ್ಬರಿಗೆ ಅಂಟುವುದೂ ಹೆಚ್ಚಾಗಿ ಆಗಲೇ ಎಂದು ಅವರು ಹೇಳುತ್ತಿದ್ದರು. ಆ ಮಾತಿನಲ್ಲಿ ತೂಕ ಇದೆ. ಎರಡನೇ ಅಲೆಯಲ್ಲಿ ನಮ್ಮ ಕಡೆ ಲ್ಯಾಬ್ ವರದಿಗೆ ಎರಡು ಮೂರು ದಿನ ಕಾದವರು ಇದ್ದಾರೆ. ವರದಿ ಬರುವಷ್ಟರಲ್ಲಿ ಮನೆಮಂದಿಗೆಲ್ಲ ಹಬ್ಬಿರುತ್ತಿತ್ತು.

ಇಬ್ಬರಲ್ಲಿ ಯಾರೂ ಸುಳ್ಳು ಹೇಳಲಿಲ್ಲ, ಮೇಷ್ಟ್ರೇ. ಒಬ್ಬರು "ಈ ಮನುಷ್ಯನಿಗೆ ಕಾಯಿಲೆ ಇದೆಯಾ?" ಎಂದು ಕೇಳುತ್ತಿದ್ದರು. ಇನ್ನೊಬ್ಬರು "ಈ ಮನುಷ್ಯನಿಂದ ಇವತ್ತು ಬೇರೆಯವರಿಗೆ ಅಂಟುತ್ತದಾ?" ಎಂದು ಕೇಳುತ್ತಿದ್ದರು. ಕಿಟ್ ಒಂದೇ, ಕೇಳಿದ ಪ್ರಶ್ನೆ ಎರಡು.

ಸ್ವಲ್ಪ ಲೆಕ್ಕ ನೋಡೋಣ. ಲೆಕ್ಕ ಹೇಳಿಕೊಟ್ಟ ಕೈ ನಿಮ್ಮದು, ಬೇಸರ ಆಗಲಾರದು. ಇಂಥ ಕಿಟ್‌ಗಳ ಮೇಲೆ ನಡೆದ ಹತ್ತಾರು ಅಧ್ಯಯನಗಳನ್ನು ಒಟ್ಟುಗೂಡಿಸಿ 2021ರಲ್ಲಿ, ವೈದ್ಯಕೀಯ ಅಧ್ಯಯನಗಳನ್ನು ಒರೆಗೆ ಹಚ್ಚುವ ಕಾಕ್ರೇನ್ ಸಂಸ್ಥೆ ಒಂದು ವರದಿ ಕೊಟ್ಟಿತು. ಆರ್‌ಟಿ-ಪಿಸಿಆರ್‌ನಲ್ಲಿ ಪಾಸಿಟಿವ್ ಬಂದ 100 ಜನರನ್ನು ತೆಗೆದುಕೊಂಡರೆ, ಅವರೆಲ್ಲ ಲಕ್ಷಣ ಇದ್ದವರಾದರೆ ಸುಮಾರು 72 ಜನರನ್ನು ಕಿಟ್ ಹಿಡಿಯುತ್ತದೆ. ಲಕ್ಷಣ ಇಲ್ಲದವರಾದರೆ ಹಿಡಿಯುವುದು 58 ಜನರನ್ನು ಮಾತ್ರ. ಅಂದರೆ ಆರಾಮಾಗಿರುವ ಸೋಂಕಿತರಲ್ಲಿ ಹತ್ತಕ್ಕೆ ನಾಲ್ಕು ಜನ ಕೈ ತಪ್ಪಿ ಹೋಗುತ್ತಾರೆ. ಇನ್ನೊಂದು ಕಡೆ, ಸೋಂಕಿಲ್ಲದ 1000 ಜನರಿಗೆ ಟೆಸ್ಟ್ ಮಾಡಿದರೆ ಸುಮಾರು ನಾಲ್ವರಿಗೆ ಸುಳ್ಳೇ ಪಾಸಿಟಿವ್ ಬರುತ್ತದೆ. ನಾಲ್ಕು ಅಂದರೆ ಕಮ್ಮಿ ಅನ್ನಿಸುತ್ತದೆ. ಆದರೆ ರೋಗ ಕಮ್ಮಿ ಇರುವ ಕಾಲದಲ್ಲಿ ಸಾವಿರಕ್ಕೆ ಒಬ್ಬರಿಗೆ ಮಾತ್ರ ಸೋಂಕಿದೆ ಅಂತಿಟ್ಟುಕೊಳ್ಳಿ. ಆಗ ಪಾಸಿಟಿವ್ ಬಂದ ಐದರಲ್ಲಿ ಕಡೇಪಕ್ಷ ನಾಲ್ಕು ಸುಳ್ಳು! ಅದೇ ಅಲೆ ಏರಿದ ಕಾಲದಲ್ಲಿ, ಜ್ವರ ಬಂದ ಮನೆಯಲ್ಲಿ, ಬಂದ ಪಾಸಿಟಿವ್ ಹೆಚ್ಚುಕಮ್ಮಿ ನಿಜವೇ ಆಗಿರುತ್ತದೆ. ಕಿಟ್ ಬದಲಾಗಲಿಲ್ಲ, ಊರಿನ ಸ್ಥಿತಿ ಬದಲಾಯಿತು. ಅದಕ್ಕೇ "ಎಷ್ಟು ಸಲ?" ಎಂಬ ಪ್ರಶ್ನೆಗೆ ವರ್ಷಪೂರ್ತಿ ನಡೆಯುವ ಒಂದೇ ಉತ್ತರ ಇಲ್ಲ.

ಈಗ ನನ್ನ ಮನೆಯ ವಿಷಯ ಹೇಳಬೇಕು. ಇದನ್ನು ಇಲ್ಲಿಯವರೆಗೆ ಎಲ್ಲೂ ಬರೆದಿಲ್ಲ.

2022ರ ಸಂಕ್ರಾಂತಿ. ಹಬ್ಬದ ಹಿಂದಿನ ದಿನ ಗಂಟಲು ಕೆರೆಯುತ್ತಿತ್ತು. ಚಿಕ್ಕಬಳ್ಳಾಪುರದ ನಮ್ಮ ಮನೆಯ ಅಡುಗೆಮನೆ ಕಟ್ಟೆಯ ಮೇಲೆ ಕಿಟ್ ಬಿಚ್ಚಿ ಕೂತೆ. ಕಡ್ಡಿಯನ್ನು ಎರಡೂ ಮೂಗಿನಲ್ಲಿ ತಿರುಗಿಸಿ, ಟ್ಯೂಬಿನ ನೀರಿನಲ್ಲಿ ಅದ್ದಿ, ಕಾರ್ಡಿನ ಗುಂಡಿಗೆ ಎರಡು ಹನಿ ಬಿಟ್ಟೆ. ದೀಪದ ಬತ್ತಿಗೆ ಎಣ್ಣೆ ಏರುವ ಹಾಗೆ ನೀರು ಪಟ್ಟಿಯಲ್ಲಿ ನಿಧಾನಕ್ಕೆ ಏರಿತು. ಹದಿನೈದು ನಿಮಿಷ ಆಯಿತು. "ಸಿ" ಹತ್ತಿರ ಒಂದೇ ಗೆರೆ, ಅಂದರೆ ನೆಗೆಟಿವ್. ಕಿಟಕಿ ಬೆಳಕಿಗೆ ಹಿಡಿದು ನೋಡಿದೆ. ಒಂದೇ. ನೆಮ್ಮದಿಯಾಯಿತು. ಮಾರನೇ ದಿನ ಎಳ್ಳು-ಬೆಲ್ಲ ನಾನೇ ಬೆರೆಸಿದೆ. ನಮ್ಮ ಅತ್ತೆಗೆ ಕೈಯಾರೆ ಕೊಟ್ಟೆ. ಪಕ್ಕದಲ್ಲೇ ಕೂತು ಕಬ್ಬು ಸಿಗಿದು ಕೊಟ್ಟೆ. ಅವರ ಹಲ್ಲಿಗೆ ಆಗುತ್ತಿರಲಿಲ್ಲ, ಅದಕ್ಕೆ ಸಣ್ಣ ಸಣ್ಣ ಚೂರು ಮಾಡಿ. ಅದರ ಮಾರನೇ ದಿನ ನನಗೆ ಮೈ ಬಿಸಿಯಾಯಿತು. ಮತ್ತೆ ಟೆಸ್ಟ್ ಮಾಡಿದೆ. ಈ ಸಲ "ಟಿ" ಹತ್ತಿರ ಇನ್ನೊಂದು ಗೆರೆ, ಒಗೆದ ಬಟ್ಟೆಯಲ್ಲಿ ಉಳಿದ ಕುಂಕುಮದ ಕಲೆ ಥರ ತೆಳ್ಳಗೆ. ಮೂರು ದಿನಕ್ಕೆ ಅತ್ತೆಗೆ ಜ್ವರ. ದೇವರ ದಯೆ, ಉಳಿದರು. ಕೆಮ್ಮು ಯುಗಾದಿವರೆಗೂ ಬಿಡಲಿಲ್ಲ. ರಾತ್ರಿ ಆ ಕೆಮ್ಮು ಕೇಳುತ್ತಾ ಎಷ್ಟು ಹೊತ್ತು ಎದ್ದು ಕೂತಿದ್ದೇನೋ ನನಗೇ ಗೊತ್ತು.

ಕಿಟ್ ನನಗೆ ಸುಳ್ಳು ಹೇಳಿರಲಿಲ್ಲ. ಆ ಹೊತ್ತಿಗೆ ಮೂಗಿನಲ್ಲಿ ಅದಕ್ಕೆ ಕಾಣುವಷ್ಟು ವೈರಸ್ ಇರಲಿಲ್ಲ, ಅಷ್ಟೇ. ಒಂದು ಗೆರೆಯನ್ನು ನಾನು ರಹದಾರಿ ಅಂದುಕೊಂಡೆ. ಗಂಟಲು ಕೆರೆಯುತ್ತಿದೆ ಎಂದು ಮೈ ಹೇಳಿದ್ದನ್ನು ಬಿಟ್ಟು ಕಾರ್ಡ್ ಹೇಳಿದ್ದನ್ನು ಕೇಳಿದೆ. ಆಮೇಲೆ, 2022ರ ಆಗಸ್ಟ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಇದನ್ನೇ ಸಲಹೆಯ ರೂಪದಲ್ಲಿ ಹೇಳಿತು. ಒಂದು ನೆಗೆಟಿವ್ ಸಾಲದು. ಲಕ್ಷಣ ಇದ್ದರೆ 48 ಗಂಟೆ ಬಿಟ್ಟು ಇನ್ನೊಂದು ಸಲ, ಹೀಗೆ ಕಡೇಪಕ್ಷ ಎರಡು. ಲಕ್ಷಣ ಇಲ್ಲದೆ ಸೋಂಕಿತರ ಹತ್ತಿರ ಇದ್ದವರಾದರೆ 48 ಗಂಟೆಗೊಂದರಂತೆ ಮೂರು.

ಈಗ ನಿಮ್ಮ ಶನಿವಾರಕ್ಕೆ ಬರುತ್ತೇನೆ. ವಾರಕ್ಕೊಂದು ಸಲ, ಎಲ್ಲರಿಗೂ, ಲಕ್ಷಣ ಇರಲಿ ಬಿಡಲಿ ಅನ್ನುವುದು ಯಾವ ಲೆಕ್ಕಕ್ಕೂ ಕೂರುವುದಿಲ್ಲ. ವೈರಸ್ ಏರುವುದು ಎರಡು ಮೂರು ದಿನದಲ್ಲಿ. ಶನಿವಾರದ ನೆಗೆಟಿವ್ ಸೋಮವಾರಕ್ಕೆ ಹಳಸಿರುತ್ತದೆ. ಆಗಿನ 250ರ ಬೆಲೆ ಹಿಡಿದರೂ ಆರು ಜನಕ್ಕೆ ಒಂದು ಶನಿವಾರಕ್ಕೆ 1500 ರೂಪಾಯಿ, ತಿಂಗಳಿಗೆ 6000. ವಾರವಿಡೀ ತೋಟ, ಹುಳು ಮನೆ ಬಿಟ್ಟು ಎಲ್ಲೂ ಹೋಗದ ನಿಮ್ಮ ಮೂಗಿಗೆ, ಹಾಸಿಗೆ ಬಿಟ್ಟು ಏಳದ ನಿಮ್ಮ ತಾಯಿಯ ಮೂಗಿಗೆ ಸುಮ್ಸುಮ್ನೆ ಕಡ್ಡಿ ಹಾಕುವುದರಿಂದ ಯಾರಿಗೂ ಲಾಭ ಇಲ್ಲ. ಅಷ್ಟರ ಮಟ್ಟಿಗೆ ಮಗ ಸರಿ.

ಆದರೆ ಹೊರಗಿನಿಂದ ಬರುವವಳು ಮಗಳು. ಬಸ್ಸಿನಲ್ಲಿ, ಆಫೀಸಿನಲ್ಲಿ ನೂರು ಜನರ ನಡುವೆ ಇದ್ದು ನೇರ ಅಜ್ಜಿಯ ಮಂಚಕ್ಕೆ ಬರುವವಳು. ಸುತ್ತಮುತ್ತ ಕೋವಿಡ್ ಇದೆ ಎಂದು ಕೇಳಿಬರುತ್ತಿದ್ದರೆ, ಆಫೀಸಿನಲ್ಲಿ ಯಾರಿಗೋ ಬಂದಿದ್ದರೆ, ಅವಳು ಒಬ್ಬಳು ಮಾಡಿಕೊಳ್ಳಲಿ. ಬೆಂಗಳೂರಿನಲ್ಲಿ ಶುಕ್ರವಾರ ರಾತ್ರಿ ಮಾಡಿಕೊಂಡರೆ ಪ್ರಯೋಜನ ಕಮ್ಮಿ. ಊರಿಗೆ ಬಂದು ಕೈಕಾಲು ತೊಳೆದು, ಅಜ್ಜಿಯ ಕೋಣೆಗೆ ಹೋಗುವ ಮುಂಚೆ, ಜಗಲಿಯ ಮೇಲೆ. ಗಂಟಲು ನೋವೋ ನೆಗಡಿಯೋ ಇದ್ದರೆ ನೆಗೆಟಿವ್ ಬಂದರೂ ಒಳಗೆ ಹೋಗುವುದು ಬೇಡ. ಮಾಸ್ಕ್ ಹಾಕಿಕೊಂಡು ಕಿಟಕಿ ಆಚೆ ನಿಂತು ಮಾತಾಡಲಿ. ಎರಡು ದಿನ ಬಿಟ್ಟು ಇನ್ನೊಂದು ಸಲ ನೋಡಲಿ. ಇದರಲ್ಲಿ ಅವಳ ಭಯವೇ ಸರಿ, ಮಗನ ಧೈರ್ಯ ಸರಿಯಲ್ಲ.

ನಿಮ್ಮ ತಾಯಿಗೇ ಜ್ವರವೋ ಉಸಿರಾಟದ ಕಷ್ಟವೋ ಬಂದರೆ ಕಿಟ್ ಬಿಚ್ಚಿಕೊಂಡು ಕೂರಬೇಡಿ. ಆ ವಯಸ್ಸಿಗೆ, ಆ ದಮ್ಮಿಗೆ ನೇರ ಡಾಕ್ಟರ ಹತ್ತಿರ ಹೋಗಬೇಕು.

ನಿಮಗೆ ಈ ವಿಷಯ ನನಗಿಂತ ಚೆನ್ನಾಗಿ ಗೊತ್ತಿರಬೇಕು ಅನ್ನಿಸುತ್ತದೆ. ಗಂಟುರೋಗ ನೆನಪಿಸಿಕೊಳ್ಳಿ. ರೇಷ್ಮೆ ಹುಳುವಿಗೆ ತಾಯಿ ಚಿಟ್ಟೆಯಿಂದ ಮೊಟ್ಟೆಗೆ ಬರುವ ರೋಗ ಅದು. 1860ರ ದಶಕದಲ್ಲಿ ಫ್ರಾನ್ಸಿನ ಲೂಯಿ ಪಾಶ್ಚರ್ ಅದಕ್ಕೆ ದಾರಿ ಹುಡುಕಿದರು. ಮೊಟ್ಟೆ ಇಟ್ಟ ಮೇಲೆ ತಾಯಿ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡುವುದು, ರೋಗದ ಕಣ ಕಂಡರೆ ಆ ಮೊಟ್ಟೆ ಸುಟ್ಟುಬಿಡುವುದು. ಇವತ್ತಿಗೂ ಮೊಟ್ಟೆ ತಯಾರಿಸುವ ಬಿತ್ತನೆ ಕೋಠಿಗಳಲ್ಲಿ ನಡೆಯುವುದು ಆ ಪರೀಕ್ಷೆಯೇ. ಯಾವಾಗ ಮಾಡುತ್ತಾರೆ ನೋಡಿ. ಮೊಟ್ಟೆ ರೈತರ ಕೈಗೆ ಹೋಗುವ ಮುಂಚೆ. ಕಂಡರೆ ಏನು ಮಾಡಬೇಕು ಅನ್ನುವುದೂ ಮೊದಲೇ ತೀರ್ಮಾನ ಆಗಿರುತ್ತದೆ. ಪರೀಕ್ಷೆ ಆಗಿದೆ ಎಂದು ನೀವು ಹುಳು ಮನೆ ಬಾಗಿಲಲ್ಲಿ ಬ್ಲೀಚಿಂಗ್ ಪುಡಿ ಹಾಕುವುದನ್ನು ಬಿಡುತ್ತೀರಾ? ಸಿಕ್ಕವರನ್ನೆಲ್ಲ ಒಳಗೆ ಬಿಡುತ್ತೀರಾ? ಹುಳು ಜ್ವರಕ್ಕೆ, ಅಂದರೆ ಪೊರೆ ಬಿಡಲು, ಕೂತಾಗ ಸುಣ್ಣ ಚೆಲ್ಲುವುದನ್ನು ಮರೆಯುತ್ತೀರಾ? ಇಲ್ಲ. ಆ ಎಚ್ಚರ ದಿನಾ ಇರುತ್ತದೆ. ಅಜ್ಜಿಯ ಕೋಣೆಗೂ ಅದೇ ಬೇಕು. ಕಿಟಕಿ ತೆರೆದಿರಲಿ, ಕೈ ತೊಳೆಯಲಿ, ನೆಗಡಿ ಆದವರು ದೂರ ಇರಲಿ. ಅವರಿಗೆ ಲಸಿಕೆಯ ಡೋಸ್ ಬಾಕಿ ಇದ್ದರೆ ಡಾಕ್ಟರನ್ನು ಕೇಳಿ.

ಪತ್ರದ ಕೊನೆಯಲ್ಲಿ, ಒಂದು ಡಜನ್ ಕಿಟ್ ಹುಳು ಮನೆ ಪಕ್ಕದ ಶೀಟಿನ ಕೋಣೆಯ ಅಟ್ಟದ ಮೇಲಿದೆ ಎಂದು ಬರೆದಿದ್ದೀರಿ. ಅದು ನನಗೆ ಚಿಂತೆ ತಂದಿತು. ಇಂಥ ಕಿಟ್‌ಗಳನ್ನು ಸಾಮಾನ್ಯವಾಗಿ 2ರಿಂದ 30 ಡಿಗ್ರಿ ಒಳಗೆ ಇಡಬೇಕು. ಬೇಸಿಗೆಯಲ್ಲಿ ನಮ್ಮ ಕಡೆ ಶೀಟಿನ ಕೆಳಗೆ ಎಷ್ಟು ಕಾಯುತ್ತದೆ ಅಂತ ನಿಮಗೆ ಹೇಳಬೇಕಾಗಿಲ್ಲ. ಬಿಸಿಗೆ ಕೆಟ್ಟ ಕಿಟ್ ಇರುವ ರೋಗವನ್ನೂ ತೋರಿಸದೇ ಹೋಗಬಹುದು. ಒಳಮನೆಯ ತಣ್ಣನೆ ಜಾಗಕ್ಕೆ ತನ್ನಿ. ಡಬ್ಬಿಯ ಮೇಲಿನ ದಿನಾಂಕ ನೋಡಿ, ಮುಗಿದಿದ್ದರೆ ಎಸೆಯಿರಿ. "ಸಿ" ಗೆರೆಯೇ ಬರದಿದ್ದರೆ ಆ ಟೆಸ್ಟ್ ಲೆಕ್ಕಕ್ಕಿಲ್ಲ. ಹದಿನೈದು ನಿಮಿಷಕ್ಕೆ ನೋಡಬೇಕು. ಇಪ್ಪತ್ತು ದಾಟಿದ ಮೇಲೆ ಮೂಡಿದ ಗೆರೆಯನ್ನು ನಂಬಬಾರದು. ಮಗಳು ಬೆಳಗ್ಗೆ ಎದ್ದು ಹಿಂದಿನ ರಾತ್ರಿಯ ಕಾರ್ಡಿನಲ್ಲಿ ಗೆರೆ ಕಂಡು ಗಾಬರಿಯಾದಳು ಎಂದಿದ್ದೀರಲ್ಲ, ಬಹುಶಃ ಆಗಿದ್ದು ಇದೇ. ಅವಳಿಗೆ ಹೇಳಿ.

ಈ ಉತ್ತರವನ್ನು ಇಬ್ಬರಿಗೂ ಒಟ್ಟಿಗೆ ಕೂರಿಸಿ ಓದಿ ಹೇಳಿ, ಮೇಷ್ಟ್ರೇ. ಈ ಶನಿವಾರ ಮಗಳು ಬಂದಾಗ ಊಟ ಆದ ಮೇಲೆ ಓದಿ. ನಿಮ್ಮ ಹುಳು ನಾಲ್ಕನೇ ಜ್ವರಕ್ಕೆ ಕೂತಿದೆ ಎಂದು ಬರೆದಿದ್ದೀರಿ. ಇಷ್ಟರಲ್ಲಿ ಎದ್ದಿರಬೇಕು. ಗೂಡು ಚೆನ್ನಾಗಿ ಬರಲಿ. ಅಟ್ಟದ ಮೇಲಿನ ಡಬ್ಬಿಗಳಲ್ಲಿ ಎಷ್ಟು ಉಳಿದವು, ಎಷ್ಟು ಹೋದವು ಅಂತ ಒಂದು ಕಾರ್ಡು ಹಾಕಿ.

ನಿಮ್ಮ,
ಸಂಪಾದಕಿ