ಬೆಂಗಳೂರಿಂದ ಸಿಡ್ನಿಗೆ ನಿಜವಾಗಿ ಎಷ್ಟು ಹೊತ್ತು?

ಮುಂದಿನ ತಿಂಗಳು ಸಿಡ್ನಿಗೆ ಕೆಲಸಕ್ಕೆ ಬರುತ್ತಿದ್ದೀರಿ, ಒಳ್ಳೆಯದಾಯಿತು. ಬೆಂಗಳೂರಿಂದ ಎಷ್ಟು ದೂರ, ಶಿವಮೊಗ್ಗದಲ್ಲಿ ಅಪ್ಪ-ಅಮ್ಮನಿಗೆ ಏನಾದರೂ ಆದರೆ ಎಷ್ಟು ಬೇಗ ಹೋಗಿ ಮುಟ್ಟಬಹುದು ಅಂತ ಕೇಳಿದ್ದೀರಿ. ಇಲ್ಲಿರುವ ನಾವೆಲ್ಲ ಈ ಲೆಕ್ಕ ಹಾಕಿದವರೇ ಬಿಡಿ.

ದೂರ ಸುಮಾರು 9,350 ಕಿಲೋಮೀಟರ್. 2022ರ ಸೆಪ್ಟೆಂಬರಿನಲ್ಲಿ ಆಸ್ಟ್ರೇಲಿಯಾದ ವಿಮಾನ ಕಂಪನಿ ಕ್ವಾಂಟಾಸ್ ನೇರ ವಿಮಾನ ಶುರು ಮಾಡಿತು. ಬರುವಾಗ ಹೆಚ್ಚುಕಮ್ಮಿ 11 ಗಂಟೆ, ಹೋಗುವಾಗ 12. ಮೇಲೆ ಗಾಳಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುತ್ತದೆ, ಊರಿಗೆ ಹೋಗುವಾಗ ಅದು ಎದುರುಗಾಳಿ. ಟಿಕೆಟ್‌ನಲ್ಲಿರುವ ಸಮಯ ನೋಡಿ ಗಾಬರಿಯಾಗಬೇಡಿ. ಸಿಡ್ನಿ ಭಾರತಕ್ಕಿಂತ ನಾಲ್ಕೂವರೆ ಗಂಟೆ ಮುಂದೆ, ಅಕ್ಟೋಬರಿಂದ ಏಪ್ರಿಲ್‌ವರೆಗೆ ಐದೂವರೆ. ಹಾಗಾಗಿ ಸಂಜೆ ಆರೂವರೆಗೆ ಬೆಂಗಳೂರು ಬಿಟ್ಟರೆ ಇಲ್ಲಿ ಇಳಿಯುವಾಗ ಮರುದಿನ ಬೆಳಿಗ್ಗೆ ಹತ್ತೋ ಹನ್ನೊಂದೋ ಆಗಿರುತ್ತದೆ.

ನೇರ ವಿಮಾನ ನಿಮಗೆ ಬೇಕಾದ ದಿನ ಇರಬೇಕಲ್ಲ? ಇಲ್ಲದಿದ್ದರೆ ಸಿಂಗಾಪುರ. ಅದು ಹೆಚ್ಚುಕಮ್ಮಿ ದಾರಿಯಲ್ಲೇ ಇದೆ, ಸುತ್ತು ನೂರಿಪ್ಪತ್ತು ಕಿಲೋಮೀಟರ್ ಅಷ್ಟೇ. ಅಲ್ಲಿ ಕಾಯುವ ಹೊತ್ತೇ ಜಾಸ್ತಿ. ಎರಡು ಗಂಟೆ ಗ್ಯಾಪ್ ಇರುವ ಟಿಕೆಟ್ ಸಿಕ್ಕರೆ ನೇರ ವಿಮಾನಕ್ಕೂ ಅದಕ್ಕೂ ದೊಡ್ಡ ವ್ಯತ್ಯಾಸ ಇಲ್ಲ. ದುಬೈ ಮೇಲೆ ಮಾತ್ರ ಬೇಡ. ಮೊದಲು ಪಶ್ಚಿಮಕ್ಕೆ 2,700 ಕಿಲೋಮೀಟರ್ ಹೋಗಿ, ಆಮೇಲೆ ಪೂರ್ವಕ್ಕೆ 12,000. ಟಿಕೆಟ್ ಎಷ್ಟೇ ಅಗ್ಗ ಇದ್ದರೂ ವಯಸ್ಸಾದವರನ್ನು ಆ ದಾರಿಯಲ್ಲಿ ಕರೆಸಬೇಡಿ.

ಈಗ ನಿಮ್ಮ ನಿಜವಾದ ಪ್ರಶ್ನೆ. ಊರಿಂದ ರಾತ್ರಿ ಹತ್ತಕ್ಕೆ ಫೋನ್ ಬಂತು ಅಂತಿಟ್ಟುಕೊಳ್ಳಿ. ಇಲ್ಲಿ ಆಗ ನಡುರಾತ್ರಿ ಎರಡೂವರೆ. ಸಿಡ್ನಿ ಏರ್‌ಪೋರ್ಟಿಗೆ ರಾತ್ರಿ 11ರಿಂದ ಬೆಳಿಗ್ಗೆ 6ರವರೆಗೆ ಕರ್ಫ್ಯೂ, ಪ್ರಯಾಣಿಕರ ವಿಮಾನ ಹಾರುವುದಿಲ್ಲ. ಬೆಳಿಗ್ಗೆ ಸೀಟು ಸಿಕ್ಕಿತು ಅನ್ನಿ. ಸಿಂಗಾಪುರಕ್ಕೆ 8 ಗಂಟೆ, ಅಲ್ಲಿ ಕಾಯುವುದು, ಬೆಂಗಳೂರಿಗೆ ಇನ್ನೊಂದು ನಾಲ್ಕೂವರೆ. ದೇವನಹಳ್ಳಿಯಲ್ಲಿ ಇಳಿದ ಮೇಲೂ ಶಿವಮೊಗ್ಗಕ್ಕೆ ಸುಮಾರು 300 ಕಿಲೋಮೀಟರ್ ರಸ್ತೆ ಇದೆ, ಅಲ್ವಾ? ಫೋನ್ ಬಂದಾಗಿನಿಂದ ಮನೆ ಬಾಗಿಲಿಗೆ ಒಂದು ಹಗಲು, ಒಂದು ರಾತ್ರಿ ಇಟ್ಟುಕೊಳ್ಳಿ. ನೇರ ವಿಮಾನ ಇದ್ದರೂ ಇದರಲ್ಲಿ ಎರಡು-ಮೂರು ಗಂಟೆ ಉಳಿಯಬಹುದು, ಅಷ್ಟೇ. ಅದಕ್ಕೇ ಮೊದಲ ಕೆಲವು ಗಂಟೆ ಆಸ್ಪತ್ರೆಗೆ ಓಡಾಡಲು ಊರಲ್ಲೇ ಯಾರಾದರೂ ಇರಬೇಕು. ಅಕ್ಕಪಕ್ಕದ ಮನೆಯವರ ನಂಬರ್, ಅಮ್ಮನ ಔಷಧಿ ಚೀಟಿಗಳ ಫೋಟೋ, ಇವನ್ನು ಹೊರಡುವ ಮುಂಚೆಯೇ ಫೋನಿನಲ್ಲಿ ಇಟ್ಟುಕೊಳ್ಳಿ.

ಇನ್ನೊಂದು ವಿಷಯ ಯಾರೂ ಮೊದಲೇ ಹೇಳುವುದಿಲ್ಲ. ಮುಂದೆ ಇಲ್ಲಿದ್ದುಕೊಂಡೇ ಬೇರೆ ವೀಸಾಗೆ ಅರ್ಜಿ ಹಾಕಿದರೆ ಅದರ ತೀರ್ಮಾನ ಬರುವವರೆಗೆ ಇಲ್ಲಿರಲು ಬ್ರಿಡ್ಜಿಂಗ್ ವೀಸಾ ಎ ಅಂತ ಒಂದು ತಾತ್ಕಾಲಿಕ ವೀಸಾ ಕೊಡುತ್ತಾರೆ. ಅದು ಜಾರಿಯಲ್ಲಿರುವಾಗ ಊರಿಗೆ ಹೋದರೆ ಅದರ ಮೇಲೆ ವಾಪಸ್ ಬರಲು ಆಗುವುದಿಲ್ಲ. ಹೊರಡುವ ಮುಂಚೆ ಬ್ರಿಡ್ಜಿಂಗ್ ವೀಸಾ ಬಿ ಕೇಳಿ ಪಡೆಯಬೇಕು, ಅದಕ್ಕೆ ಕಾರಣ ತೋರಿಸಬೇಕು, ಫೀಸೂ ಇದೆ. ಆ ಸಮಯ ಬಂದಾಗ ಟಿಕೆಟ್ ಹುಡುಕುವ ಮೊದಲು ವೀಸಾ ಪತ್ರ ತೆಗೆದು ಓದಿ.