ಮನೆ ಕಟ್ಟುವ ಮುನ್ನ ಮಹಾಯೋಜನೆ ನೋಡಿ

ಪ್ರಶ್ನೆ: ತುಮಕೂರು ನಗರದ ಅಂಚಿನಲ್ಲಿ ನಮ್ಮ ತಂದೆಯವರಿಂದ ಬಂದ 10 ಗುಂಟೆ ಜಮೀನಿದೆ. ಪಹಣಿ ನನ್ನ ಹೆಸರಿನಲ್ಲಿಯೇ ಇದೆ. ಅಲ್ಲಿ ಮನೆ ಮತ್ತು ಎರಡು ಮಳಿಗೆಗಳನ್ನು ಕಟ್ಟಬಹುದೇ?

ಉತ್ತರ: ಪಹಣಿಯು ಜಮೀನು ಯಾರ ಸ್ವಾಧೀನದಲ್ಲಿದೆ, ಅಲ್ಲಿ ಯಾವ ಬೆಳೆಯಿದೆ ಎಂಬುದನ್ನು ಹೇಳುತ್ತದೆಯೇ ಹೊರತು ಅಲ್ಲಿ ಏನು ಕಟ್ಟಬಹುದು ಎಂಬುದನ್ನು ಹೇಳುವುದಿಲ್ಲ. ಅದನ್ನು ನಿರ್ಧರಿಸುವುದು 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಡಿ ಸಿದ್ಧವಾದ ಮಹಾಯೋಜನೆ, ಅಂದರೆ ಯಾವ ಪ್ರದೇಶ ಯಾವ ಬಳಕೆಗೆ ಎಂದು ವಲಯಗಳಾಗಿ ಗುರುತಿಸುವ ಯೋಜನೆ, ಮತ್ತು ಪ್ರತಿ ವಲಯದಲ್ಲಿ ಏನು ಕಟ್ಟಬಹುದೆಂದು ಹೇಳುವ ಅದರ ವಲಯ ನಿಯಮಾವಳಿ. ಆದ್ದರಿಂದ ವಾಸ್ತುಶಿಲ್ಪಿಗೆ ಮುಂಗಡ ಕೊಡುವ ಮೊದಲೇ, ಸರ್ವೆ ನಂಬರಿನ ನಕ್ಷೆಯೊಂದಿಗೆ ನಗರಾಭಿವೃದ್ಧಿ ಪ್ರಾಧಿಕಾರಕ್ಕೆ ಹೋಗಿ, ನಿಮ್ಮ ಜಮೀನು ಯಾವ ವಲಯದಲ್ಲಿದೆ, ಉದ್ದೇಶಿತ ರಸ್ತೆ ಅಥವಾ ಉದ್ಯಾನಕ್ಕೆ ಅದರ ಯಾವುದಾದರೂ ಭಾಗ ಕಾಯ್ದಿರಿಸಲ್ಪಟ್ಟಿದೆಯೇ ಎಂದು ಲಿಖಿತವಾಗಿ ಕೇಳಿ ಪಡೆಯಿರಿ. ಬಾಯಿಮಾತಿನ ಭರವಸೆಯನ್ನು ದಯವಿಟ್ಟು ನಂಬಬೇಡಿ. ಎಷ್ಟೋ ಕುಟುಂಬಗಳ ಜೀವಮಾನದ ಉಳಿತಾಯ ಹೀಗೆಯೇ ಸಿಕ್ಕಿಬೀಳುತ್ತದೆ.

ವಲಯವು ವಸತಿಯದ್ದಾಗಿದ್ದರೂ, ಕೃಷಿ ಜಮೀನನ್ನು ಬೇರೆ ಉದ್ದೇಶಕ್ಕೆ ಬಳಸಲು ಬೇಕಾದ ಭೂಪರಿವರ್ತನೆಯ ಬಗ್ಗೆ 1964ರ ಭೂಕಂದಾಯ ಕಾಯ್ದೆಯ 95ನೇ ಕಲಮು ಈಗ ಏನು ಹೇಳುತ್ತದೆ ಎಂದು ವಿಚಾರಿಸಿಕೊಳ್ಳಿ. ಕೃಷಿ ವಲಯವಾಗಿದ್ದರೆ ಮೊದಲು ಯೋಜನಾ ಕಾಯ್ದೆಯ 14ಎ ಕಲಮಿನಡಿ ಭೂ ಉಪಯೋಗ ಬದಲಾವಣೆಗೆ ಅರ್ಜಿ ಸಲ್ಲಿಸಬೇಕಾಗುತ್ತದೆ. ಅದು ಸಿಕ್ಕೇ ಸಿಗುತ್ತದೆಂದು ಭಾವಿಸುವಂತಿಲ್ಲ.

ಮಳಿಗೆಗಳ ವಿಷಯ ಬೇರೆ. ವಸತಿ ವಲಯದಲ್ಲಿ ಎಂತಹ ಅಂಗಡಿಗೆ, ಎಷ್ಟು ಅಗಲದ ರಸ್ತೆಯಲ್ಲಿ ಅವಕಾಶವಿದೆ ಎಂಬುದನ್ನು ನಿಯಮಾವಳಿಯಲ್ಲಿಯೇ ನೋಡಬೇಕು. ಒಟ್ಟು ಎಷ್ಟು ಕಟ್ಟಬಹುದು ಎಂಬುದನ್ನು ನೆಲ ವಿಸ್ತೀರ್ಣ ಅನುಪಾತ, ಅಂದರೆ ನಿವೇಶನದ ವಿಸ್ತೀರ್ಣದ ಎಷ್ಟು ಪಟ್ಟು ಕಟ್ಟಬಹುದೆಂಬ ಲೆಕ್ಕ, ಹೇಳುತ್ತದೆ: ಉದಾಹರಣೆಗೆ, ಅದು 1.5 ಇದ್ದರೆ, 30×40 ಅಡಿ ನಿವೇಶನದಲ್ಲಿ ಎಲ್ಲ ಮಹಡಿಗಳೂ ಸೇರಿ 1,800 ಚದರ ಅಡಿ. ಸುತ್ತ ಬಿಡಬೇಕಾದ ತೆರೆದ ಜಾಗದ ಅಳತೆಯನ್ನೂ ಆಗಲೇ ಕೇಳಿಕೊಳ್ಳಿ.